ಡೆಸೆಬಾಲಸ್: ರೋಮಿನ ವಿದ್ಯೆಯಿಂದಲೇ ರೋಮನ್ನು ತಡೆದ ರಾಜ

ಕ್ರಿ.ಶ. 102ರಲ್ಲಿ ಡೇಸಿಯಾದ ರಾಜ ಡೆಸೆಬಾಲಸ್ ರೋಮ್ ಚಕ್ರವರ್ತಿ ಟ್ರಾಜನ್ ಎದುರಿಗೆ ಬಂದು, ನೆಲಕ್ಕೆ ಬಿದ್ದು ನಮಸ್ಕರಿಸಿ, ಆಯುಧ ಬಿಸುಟ. ಹಿಂದಿನ ವರ್ಷ ಶುರುವಾಗಿದ್ದ ಯುದ್ಧ ಅಲ್ಲಿಗೆ ನಿಂತಿತು. ಆಗ ರೋಮ್ ಹಾಕಿದ ಷರತ್ತುಗಳು ಹೀಗಿದ್ದವು. ಆಯುಧ ಒಪ್ಪಿಸಬೇಕು. ಕಲ್ಲು, ಬಾಣ ಎಸೆಯುವ ಯಂತ್ರಗಳನ್ನು ಒಪ್ಪಿಸಬೇಕು, ಅವನ್ನು ಮಾಡುವ ಕಸುಬುದಾರರನ್ನೂ ಒಪ್ಪಿಸಬೇಕು. ರೋಮ್ ಕಡೆಯಿಂದ ಓಡಿಬಂದವರನ್ನು ವಾಪಸ್ ಕೊಡಬೇಕು. ಇನ್ನುಮುಂದೆ ಅಂಥವರಿಗೆ ಆಶ್ರಯ ಕೊಡಬಾರದು, ರೋಮನ್ ಸಾಮ್ರಾಜ್ಯದ ಸೈನಿಕನೊಬ್ಬನನ್ನೂ ಕೆಲಸಕ್ಕಿಟ್ಟುಕೊಳ್ಳಬಾರದು. ಕೋಟೆಗಳನ್ನು ಕೆಡವಬೇಕು. ನೆರೆಯವರಿಂದ ಗೆದ್ದ ಜಾಗ ಬಿಡಬೇಕು. ರೋಮಿನ ಮಿತ್ರರೇ ಅವನ ಮಿತ್ರರು, ರೋಮಿನ ಶತ್ರುಗಳೇ ಅವನ ಶತ್ರುಗಳು.

ಈ ಪ್ರಕರಣವನ್ನು ಬಿಡಿಸಲು ನಾನು ಈ ಪಟ್ಟಿಯನ್ನೇ ಹಿಡಿದುಕೊಂಡಿದ್ದೇನೆ. ಸೋತವನ ಮೇಲೆ ಹೇರಿದ ಷರತ್ತು ನೋಡಿದರೆ ಗೆದ್ದವನು ಯಾವುದಕ್ಕೆ ಹೆದರಿದ್ದ ಅನ್ನೋದು ಗೊತ್ತಾಗುತ್ತದೆ, ಅಲ್ವಾ? ಕಾಡಿನ ರಾಜನೊಬ್ಬ ಬರೀ ಧೈರ್ಯದಿಂದ ಮಹಾಸಾಮ್ರಾಜ್ಯವನ್ನು ಎದುರಿಸಿದ ಅನ್ನೋ ಕಥೆ ಇಲ್ಲಿ ಹೊಂದುವುದಿಲ್ಲ. ಯಂತ್ರಗಳು, ಅವನ್ನು ಮಾಡುವವರು, ತರಬೇತಾದ ಸೈನಿಕರು, ಇವೆಲ್ಲ ಅವನಿಗೆ ಸಿಕ್ಕಿದ್ದು ರೋಮಿನಿಂದಲೇ. ಸುಮಾರು 20 ವರ್ಷ ಅವನು ಎದ್ದು ನಿಂತಿದ್ದು ಹಾಗೆ. ಬಿದ್ದಿದ್ದಕ್ಕೂ ಅದೇ ಕಾರಣ.

ನೆಲ, ಕೋಟೆ, ಜನ

ಡೇಸಿಯಾ ಅಂದರೆ ಹೆಚ್ಚುಕಮ್ಮಿ ಇಂದಿನ ರೊಮೇನಿಯಾ. ದಕ್ಷಿಣಕ್ಕೆ ಡ್ಯಾನ್ಯೂಬ್ ನದಿ, ಅದರ ಆಚೆ ದಡದಲ್ಲಿ ರೋಮಿನ ಮೋಸಿಯಾ ಪ್ರಾಂತ್ಯ. ಡೇಸಿಯಾದ ನಡುವೆ ಕಾರ್ಪೇಥಿಯನ್ ಬೆಟ್ಟಗಳು. ಬೆಟ್ಟದಲ್ಲಿ ಚಿನ್ನ, ಬೆಳ್ಳಿ, ಕಬ್ಬಿಣ, ಉಪ್ಪು ಎಲ್ಲ ಇತ್ತು. ಜೂಲಿಯಸ್ ಸೀಸರ್ ಕಾಲದಲ್ಲಿ ಬುರೆಬಿಸ್ತ ಅನ್ನುವ ರಾಜ ಇಲ್ಲಿನ ಗುಂಪುಗಳನ್ನೆಲ್ಲ ಒಗ್ಗೂಡಿಸಿದ್ದ. ಅವನನ್ನು ಅವನ ಜನರೇ ಕೆಳಗಿಳಿಸಿದ ಮೇಲೆ ರಾಜ್ಯ ನಾಲ್ಕೈದು ಚೂರಾಯಿತು. ಡೆಸೆಬಾಲಸ್ ಬರುವ ಹೊತ್ತಿಗೆ ಅದು ಮತ್ತೆ ಒಂದಾಗಿತ್ತು.

ರಾಜಧಾನಿ ಸರ್ಮಿಜೆಗೆತೂಸ ಒರೆಷ್ಟಿಯೆ ಬೆಟ್ಟಗಳಲ್ಲಿ, ಸಾವಿರ ಮೀಟರ್‌ಗಿಂತ ಮೇಲೆ ಇತ್ತು. ಅಲ್ಲಿಗೆ ಹೋಗುವ ದಾರಿಗಳನ್ನು ಕಾಯಲು ಸುತ್ತಲೂ ಕೋಟೆಗಳು: ಕೊಸ್ಟೆಷ್ಟಿ, ಬ್ಲಿಡಾರು, ಪಿಯಾತ್ರಾ ರೋಷಿಯೆ ಮತ್ತಿತರವು. ಇವುಗಳಲ್ಲಿ ಆರು ತಾಣ 1999ರಿಂದ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ.

ಆ ಕೋಟೆಗೋಡೆ ಕಟ್ಟಿದ ರೀತಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಹೊರಗೊಂದು, ಒಳಗೊಂದು ಸಾಲು, ಎರಡೂ ಚೌಕಾಕಾರಕ್ಕೆ ಕೆತ್ತಿದ ಕಲ್ಲಿನವು. ನಡುವಿನ ಜಾಗದಲ್ಲಿ ಮಣ್ಣು, ಕಲ್ಲಿನ ಚೂರು ತುಂಬಿದ್ದಾರೆ. ಕಲ್ಲುಗಳ ಮೇಲ್ಭಾಗದಲ್ಲಿ ಒಳಗೆ ಹೋದಂತೆ ಕಿರಿದಾಗುವ ಕಚ್ಚು ಕೊರೆದು, ಅದಕ್ಕೆ ಸರಿಯಾಗಿ ಕೂರುವ ಮರದ ತೊಲೆಗಳನ್ನು ಅಡ್ಡ ಹಾಕಿದ್ದಾರೆ. ಎರಡು ಸಾಲೂ ಆಚೆಈಚೆ ಸರಿಯದಂತೆ ತೊಲೆ ಹಿಡಿದುಕೊಳ್ಳುತ್ತದೆ. ಮರ ಎಂದೋ ಕೊಳೆತುಹೋಗಿದೆ. ಕಲ್ಲಿನ ಮೇಲಿನ ಕಚ್ಚು ಈಗಲೂ ಕಾಣುತ್ತದೆ. ಕಲ್ಲು ಕೆತ್ತಿದ ಬಗೆ ಕಪ್ಪು ಸಮುದ್ರದ ದಡದ ಗ್ರೀಕ್ ನಗರಗಳದ್ದು. ಯಾರಲ್ಲಿ ಒಳ್ಳೆಯ ಕೆಲಸವಿದೆಯೋ ಅದನ್ನು ತಂದುಕೊಳ್ಳುವುದು ಡೇಸಿಯಾದವರಿಗೆ ಮೊದಲಿನಿಂದ ಬಂದ ಅಭ್ಯಾಸ. ಡೆಸೆಬಾಲಸ್ ಅದನ್ನೇ ರೋಮಿನ ವಿಷಯಕ್ಕೂ ಬೆಳೆಸಿದ.

ಇನ್ನೊಂದು ಮಾತು. ಡೇಸಿಯಾದವರು ತಮ್ಮ ಕಥೆಯನ್ನು ತಾವು ಬರೆದಿಟ್ಟಿಲ್ಲ. ನಮಗಿರುವ ಮುಖ್ಯ ಆಧಾರ ಕ್ಯಾಸಿಯಸ್ ಡಿಯೊ, ಯುದ್ಧ ಮುಗಿದು ನೂರು ವರ್ಷದ ಮೇಲೆ ಬರೆದ ರೋಮನ್ ಸೆನೆಟರ್. ಅವನ ಬರಹದ ಈ ಭಾಗವೂ 11ನೆಯ ಶತಮಾನದ ಸನ್ಯಾಸಿಯೊಬ್ಬ ಮಾಡಿದ ಸಂಗ್ರಹದಲ್ಲಷ್ಟೇ ಉಳಿದಿದೆ. ಟ್ರಾಜನ್ ತಾನೇ ಈ ಯುದ್ಧದ ಬಗ್ಗೆ ಬರೆದಿದ್ದ. ವ್ಯಾಕರಣಕಾರನೊಬ್ಬ ಉದಾಹರಣೆಗೆ ಎತ್ತಿಕೊಂಡ ಒಂದೇ ಒಂದು ವಾಕ್ಯ ಅದರಲ್ಲಿ ಉಳಿದಿದೆ: ಅಲ್ಲಿಂದ ಬೆರ್ಜೊಬಿಸ್‌ಗೆ, ಆಮೇಲೆ ಐಜಿಸ್‌ಗೆ ಹೊರಟೆವು, ಅಷ್ಟೇ. ಹಾಗಾಗಿ ನಾವು ಕೇಳುತ್ತಿರುವುದೆಲ್ಲ ಗೆದ್ದವರ ಕಡೆಯ ಮಾತು. ಅದರಲ್ಲೂ ಡೆಸೆಬಾಲಸ್‌ಗೆ ಸಿಕ್ಕ ಹೊಗಳಿಕೆ ದೊಡ್ಡದು. ಯಾವಾಗ ನುಗ್ಗಬೇಕು, ಯಾವಾಗ ಹಿಂದೆ ಸರಿಯಬೇಕು ಅನ್ನೋದು ಅವನಿಗೆ ಗೊತ್ತಿತ್ತು, ಹೊಂಚು ಹಾಕುವುದರಲ್ಲಿ ನಿಪುಣ, ಗೆಲುವನ್ನು ಬಳಸಿಕೊಳ್ಳುವುದೂ ಸೋಲನ್ನು ಸಂಭಾಳಿಸುವುದೂ ಬಲ್ಲವನು ಅಂತ ಡಿಯೊ ಹೇಳುತ್ತಾನೆ.

ಮೊದಲ ಸುತ್ತು: 85ರಿಂದ 89

85ರ ಹೊತ್ತಿಗೆ ಡೇಸಿಯಾದವರು ಡ್ಯಾನ್ಯೂಬ್ ದಾಟಿ ಮೋಸಿಯಾಕ್ಕೆ ನುಗ್ಗಿದರು. ಅಲ್ಲಿನ ರಾಜ್ಯಪಾಲ ಒಪ್ಪಿಯಸ್ ಸಬೈನಸ್ ಸತ್ತ. ಚಕ್ರವರ್ತಿ ಡೊಮಿಷಿಯನ್ ಖುದ್ದು ಬರಬೇಕಾಯಿತು. ಈ ಸಮಯದಲ್ಲೇ ಡೇಸಿಯಾದ ರಾಜ ಡುರಾಸ್ ತಾನಾಗಿಯೇ ಅಧಿಕಾರ ಬಿಟ್ಟುಕೊಟ್ಟು ಡೆಸೆಬಾಲಸ್‌ನನ್ನು ಮುಂದೆ ತಂದ. ಕುರ್ಚಿಗಾಗಿ ಕೊಲೆಗಳಾಗುತ್ತಿದ್ದ ಕಾಲದಲ್ಲಿ ಇದು ಅಪರೂಪದ ನಡೆ.

ಡೊಮಿಷಿಯನ್ ತನ್ನ ಅಂಗರಕ್ಷಕ ಪಡೆಯ ಮುಖ್ಯಸ್ಥ ಕಾರ್ನೇಲಿಯಸ್ ಫಸ್ಕಸ್‌ನ ಕೈಗೆ ಸೇನೆ ಕೊಟ್ಟ. ಫಸ್ಕಸ್ ನದಿ ದಾಟಿ ಡೇಸಿಯಾದೊಳಗೆ ಹೋದ. ಸೇನೆಯೂ ಹೋಯಿತು, ಅವನ ಪ್ರಾಣವೂ ಹೋಯಿತು. ರೋಮನ್ನರ ಯಂತ್ರಗಳು, ಅವರು ದೇವರಂತೆ ಕಾಣುತ್ತಿದ್ದ ಸೇನಾ ಲಾಂಛನ ಎಲ್ಲ ಡೇಸಿಯಾದವರ ಪಾಲಾದವು. 15 ವರ್ಷಕ್ಕೂ ಹೆಚ್ಚು ಕಾಲ ಅವು ಬೆಟ್ಟದ ಕೋಟೆಗಳಲ್ಲೇ ಇದ್ದವು.

88ರಲ್ಲಿ ಟೆಟ್ಟಿಯಸ್ ಜೂಲಿಯಾನಸ್ ತಾಪೆ ಎಂಬಲ್ಲಿ ಡೇಸಿಯಾದವರನ್ನು ಸೋಲಿಸಿದ. ರೋಮನ್ನರು ರಾಜಧಾನಿಗೇ ನುಗ್ಗುತ್ತಾರೆ ಅಂತ ಹೆದರಿದ ಡೆಸೆಬಾಲಸ್ ಅಲ್ಲಿದ್ದ ಮರಗಳನ್ನು ಕಡಿಸಿ, ಉಳಿದ ಬೊಡ್ಡೆಗಳಿಗೆ ಕವಚ ತೊಡಿಸಿ ನಿಲ್ಲಿಸಿದನಂತೆ. ಸೈನಿಕರ ದಂಡೇ ಇದೆ ಅಂದುಕೊಂಡು ರೋಮನ್ನರು ಹಿಂದೆ ಸರಿದರು ಅಂತ ಡಿಯೊ ಬರೆಯುತ್ತಾನೆ. ಕಥೆ ಪೂರ್ತಿ ನಿಜವೋ ಇಲ್ಲವೋ, ಜೂಲಿಯಾನಸ್ ಅಂತೂ ರಾಜಧಾನಿ ಮುಟ್ಟಲಿಲ್ಲ.

ಆಮೇಲೆ ಅದೃಷ್ಟವೂ ಡೆಸೆಬಾಲಸ್ ಕಡೆ ತಿರುಗಿತು. 89ರ ಜನವರಿಯಲ್ಲಿ ರೈನ್ ನದಿಯ ಗಡಿಯಲ್ಲಿ ಸ್ಯಾಟರ್ನೈನಸ್ ಎಂಬ ರಾಜ್ಯಪಾಲ ದಂಗೆ ಎದ್ದ. ಅದೇ ವರ್ಷ ಡೊಮಿಷಿಯನ್ ಮಾರ್ಕೊಮನ್ನಿ ಎಂಬ ಜರ್ಮಾನಿಕ್ ಬುಡಕಟ್ಟಿನವರ ಕೈಲಿ ಸೋತ. ಮೂರು ಕಡೆ ಬೆಂಕಿ ಹತ್ತಿದಾಗ ಒಂದನ್ನಾದರೂ ಆರಿಸಲೇಬೇಕಿತ್ತು. ಅವನು ಡೇಸಿಯಾದ ಜೊತೆ ಸಂಧಿಗೆ ಒಪ್ಪಿದ. ಡೆಸೆಬಾಲಸ್ ತಾನು ಹೋಗಲಿಲ್ಲ, ಡಿಯೆಗಿಸ್ ಎಂಬವನನ್ನು ಕಳಿಸಿದ. ಡೊಮಿಷಿಯನ್ ಅವನ ತಲೆಗೆ ಕಿರೀಟ ಇಟ್ಟು, ಡೇಸಿಯಾಕ್ಕೆ ರಾಜನನ್ನು ಕೊಡುವವನು ತಾನೇ ಅನ್ನೋ ಹಾಗೆ ತೋರಿಸಿಕೊಂಡ.

ಕಾಗದದ ಮೇಲೆ ಡೇಸಿಯಾ ರೋಮಿನ ಕೈಕೆಳಗಿನ ಮಿತ್ರರಾಜ್ಯ ಆಯಿತು. ನಿಜವಾಗಿ ಏನಾಯಿತು ಅಂದರೆ, ಡೆಸೆಬಾಲಸ್‌ಗೆ ದೊಡ್ಡ ಮೊತ್ತದ ಹಣ ಬಂತು. ಯುದ್ಧದ ಕೆಲಸ, ಶಾಂತಿಕಾಲದ ಕೆಲಸ ಎರಡೂ ಬಲ್ಲ ಕಸುಬುದಾರರು ಬಂದರು. ಮುಂದೆಯೂ ಕೊಡುತ್ತಲೇ ಇರುತ್ತೇವೆ ಅನ್ನೋ ಮಾತು ಸಿಕ್ಕಿತು. ರೋಮಿನಲ್ಲಿ ಇದನ್ನು ಅವಮಾನ ಅಂತ ಅಂದುಕೊಂಡವರು ಬಹಳ. ನನಗೆ ಡೊಮಿಷಿಯನ್ ಮಾಡಿದ್ದು ಆ ಹೊತ್ತಿಗೆ ಸರಿಯಾದ ಲೆಕ್ಕ ಅನಿಸುತ್ತದೆ. ಎರಡನೇ ಗಡಿ ಹೊತ್ತಿ ಉರಿಯುವಾಗ ಹಣ ಕೊಟ್ಟು ಶಾಂತಿ ಕೊಳ್ಳುವುದು ಅಗ್ಗ. ಹಣದ ಜೊತೆ ವಿದ್ಯೆಯನ್ನೂ ಕೊಟ್ಟಿದ್ದು ಮಾತ್ರ ರೋಮಿಗೆ ದುಬಾರಿಯಾಯಿತು.

ಹನ್ನೆರಡು ವರ್ಷದ ಬಿಡುವು

89ರಿಂದ 101ರವರೆಗೆ ದೊಡ್ಡ ಯುದ್ಧವಿಲ್ಲ. ಈ ಬಿಡುವನ್ನು ಡೆಸೆಬಾಲಸ್ ಸುಮ್ನೆ ಕಳೆಯಲಿಲ್ಲ. ಕೋಟೆಗಳು ಗಟ್ಟಿಯಾದವು, ಯಂತ್ರಗಳು ತಯಾರಾದವು. ರೋಮಿನ ಸ್ಮಾರಕದ ಕೆತ್ತನೆಗಳಲ್ಲೇ ಡೇಸಿಯಾದ ಕೋಟೆಗೋಡೆಯ ಮೇಲೆ ಬಾಣ ಹಾರಿಸುವ ಯಂತ್ರ ಕಾಣುತ್ತದೆ.

ಇದಕ್ಕಿಂತ ದೊಡ್ಡ ಸಂಗತಿ ಸೈನಿಕರದ್ದು. ತನ್ನ ಪಡೆಯ ದೊಡ್ಡ ಭಾಗವನ್ನು, ಅದರಲ್ಲೂ ಉತ್ತಮ ಭಾಗವನ್ನು, ಡೆಸೆಬಾಲಸ್ ರೋಮಿನ ನೆಲದಿಂದಲೇ ಮನವೊಲಿಸಿ ಕರೆತಂದಿದ್ದ ಅಂತ ಡಿಯೊ ಸ್ಪಷ್ಟವಾಗಿ ಬರೆದಿದ್ದಾನೆ. ರೋಮನ್ ಸೇನೆ ಬಿಟ್ಟು ಬಂದವನಿಗೆ ಕವಾಯತು ಗೊತ್ತು, ಪಾಳೆಯ ಹಾಕುವುದು ಗೊತ್ತು, ಎದುರಾಳಿ ಮುಂದಿನ ಹೆಜ್ಜೆ ಎಲ್ಲಿಡುತ್ತಾನೆ ಅನ್ನೋದೂ ಗೊತ್ತು. 102ರ ಸಂಧಿಯ ಪಟ್ಟಿಯಲ್ಲಿ ಈ ಒಂದು ವಿಷಯ ಬೇರೆ ಬೇರೆ ರೂಪದಲ್ಲಿ ಮತ್ತೆ ಬರುವುದು ಅದಕ್ಕೇ.

ಹೊರಗಿನ ನಂಟನ್ನೂ ಅವನು ಬೆಳೆಸಿದ. ಪೂರ್ವದ ಬಯಲಿನಲ್ಲಿದ್ದ ರೊಕ್ಸೊಲಾನಿ ಕುದುರೆ ಸವಾರರು ಅವನ ಜೊತೆಯಾದರು. ಇನ್ನೂ ದೂರದ ನಂಟಿನ ಸುಳಿವು ಸಿಗುವುದು ಒಬ್ಬ ಗುಲಾಮನ ಕಥೆಯಲ್ಲಿ. ಯುದ್ಧ ಮುಗಿದ ಕೆಲವು ವರ್ಷಕ್ಕೆ ಇಂದಿನ ಟರ್ಕಿಯ ನಿಕೊಮೀಡಿಯಾದಲ್ಲಿ ರೊಟ್ಟಿ ಸುಡುವವರ ಬಳಿ ಕೂಲಿಗಿದ್ದ ಕ್ಯಾಲಿಡ್ರೊಮಸ್ ಎಂಬವನು ತಪ್ಪಿಸಿಕೊಂಡು ಬಂದು, ಚಕ್ರವರ್ತಿಯ ಮೂರ್ತಿಯ ಬಳಿ ಆಶ್ರಯ ಕೇಳಿದ. ತಾನು ಮೊದಲು ಲಬೇರಿಯಸ್ ಮ್ಯಾಕ್ಸಿಮಸ್ ಎಂಬ ರೋಮನ್ ಸೇನಾಪತಿಯ ಗುಲಾಮ ಅಂದ. ಮೋಸಿಯಾದಲ್ಲಿ ಸೆರೆಸಿಕ್ಕೆ, ಡೆಸೆಬಾಲಸ್ ನನ್ನನ್ನು ಪಾರ್ಥಿಯಾದ ರಾಜ ಪಕೋರಸ್‌ಗೆ ಉಡುಗೊರೆಯಾಗಿ ಕಳಿಸಿದ ಅಂದ. ಆ ಪ್ರಾಂತ್ಯದ ರಾಜ್ಯಪಾಲ ಪ್ಲಿನಿ ಇದನ್ನೆಲ್ಲ ಟ್ರಾಜನ್‌ಗೆ ಪತ್ರದಲ್ಲಿ ಬರೆದ, ಆ ಪತ್ರ ಉಳಿದಿದೆ. ಡ್ಯಾನ್ಯೂಬ್ ತೀರದ ರಾಜ ಇಂದಿನ ಇರಾನ್, ಇರಾಕ್ ಆಳುತ್ತಿದ್ದ ದೊರೆಗೆ ಕಾಣಿಕೆ ಕಳಿಸುತ್ತಿದ್ದಾನೆ. ರೋಮಿನ ಎರಡು ಗಡಿಯನ್ನು ಒಟ್ಟಿಗೆ ನೋಡಬಲ್ಲವನಿಗಷ್ಟೇ ಇಂಥ ಯೋಚನೆ ಬರುತ್ತದೆ.

101–102: ಟ್ರಾಜನ್ ಬಂದಾಗ

98ರಲ್ಲಿ ಚಕ್ರವರ್ತಿಯಾದ ಟ್ರಾಜನ್ ಸೈನ್ಯದಲ್ಲಿ ಬೆಳೆದವನು. ಯುದ್ಧಕ್ಕೆ ಮೊದಲೇ ಡ್ಯಾನ್ಯೂಬ್ ಕಮರಿಯ ಬಂಡೆ ಕಡಿದು ದಾರಿ ಮಾಡಿಸಿದ. ಆ ಕೆಲಸದ ನೆನಪಿಗೆ 100ರಲ್ಲಿ ಕೆತ್ತಿಸಿದ ಶಾಸನ ಇವತ್ತಿಗೂ ಇದೆ. 20ನೆಯ ಶತಮಾನದಲ್ಲಿ ಅಲ್ಲಿ ಅಣೆಕಟ್ಟು ಬಂದಾಗ ಅದನ್ನು ಬಂಡೆಯ ಸಮೇತ ಮೇಲಕ್ಕೆ ಎತ್ತಿ ಉಳಿಸಿಕೊಂಡರು.

101ರಲ್ಲಿ ಮತ್ತೆ ತಾಪೆಯಲ್ಲೇ ಕಾಳಗ. ರೋಮನ್ನರ ಕಡೆ ಎಷ್ಟು ಜನ ಗಾಯಗೊಂಡರೆಂದರೆ, ಪಟ್ಟಿ ಕಟ್ಟಲು ಬಟ್ಟೆ ಸಾಲದೆ ಟ್ರಾಜನ್ ತನ್ನ ಉಡುಪನ್ನೇ ಹರಿದು ಕೊಟ್ಟನಂತೆ. ಸತ್ತವರಿಗೆ ಅಲ್ಲೊಂದು ಬಲಿಪೀಠ ಕಟ್ಟಿಸಿ, ವರ್ಷ ವರ್ಷ ಪೂಜೆ ನಡೆಯಲಿ ಅಂತ ಹೇಳಿದ. ಗೆದ್ದ ಕಾಳಗದಲ್ಲೇ ಹೀಗಾದರೆ ಅದು ಎಂಥ ಗೆಲುವು ಅಂತ ಊಹಿಸಬಹುದು.

ಆ ಚಳಿಗಾಲದಲ್ಲಿ ಡೆಸೆಬಾಲಸ್ ಇಟ್ಟ ಹೆಜ್ಜೆ ಅವನ ಇಡೀ ಬದುಕಿನಲ್ಲೇ ಜಾಣತನದ್ದು ಅಂತ ನನ್ನ ಲೆಕ್ಕ. ಟ್ರಾಜನ್ ಬೆಟ್ಟದ ಬಾಗಿಲಲ್ಲಿ ನಿಂತಿದ್ದಾನೆ. ಡೆಸೆಬಾಲಸ್ ಅವನ ಎದುರು ನಿಲ್ಲುವ ಬದಲು ರೊಕ್ಸೊಲಾನಿಗಳ ಜೊತೆ ಸೇರಿ ಡ್ಯಾನ್ಯೂಬಿನ ಕೆಳಹರಿವಿನಲ್ಲಿ ನದಿ ದಾಟಿ ಮೋಸಿಯಾದ ಮೇಲೆ ಬಿದ್ದ. ಕಾವಲು ತೆಳುವಾಗಿದ್ದ ಕಡೆಗೇ ಪೆಟ್ಟು. ಟ್ರಾಜನ್ ಕೈಲಿದ್ದ ಕೆಲಸ ಬಿಟ್ಟು ಅತ್ತ ಓಡಬೇಕಾಯಿತು. ಇಂದಿನ ರೊಮೇನಿಯಾದ ಆದಮ್‌ಕ್ಲಿಸಿಯಲ್ಲಿ ರೋಮನ್ನರು ಗೆದ್ದರು. 109ರಲ್ಲಿ ಅಲ್ಲಿ ದೊಡ್ಡ ವಿಜಯಸ್ಮಾರಕ ನಿಂತಿತು.

ಆ ಸ್ಮಾರಕದ ಕಲ್ಲುಗಳಲ್ಲಿ ಒಂದು ವಿವರ ಗಮನಿಸಿ. ಎದುರಾಳಿಗಳು ಎರಡೂ ಕೈಯಿಂದ ಹಿಡಿದಿರುವುದು ಉದ್ದ ಹಿಡಿಯ, ಕುಡುಗೋಲಿನಂತೆ ಒಳಕ್ಕೆ ಬಾಗಿದ ಒಂದು ಕತ್ತಿ. ಅದು ಮೇಲಿನಿಂದ ಬಿದ್ದರೆ ಗುರಾಣಿಯ ಅಂಚು ದಾಟಿ ತಲೆಗೋ ತೋಳಿಗೋ ತಾಗುತ್ತದೆ. ಅವರೆದುರಿನ ರೋಮನ್ ಸೈನಿಕನ ಬಲಗೈಗೆ ಹೆಗಲಿನಿಂದ ಮಣಿಕಟ್ಟಿನವರೆಗೂ ಲೋಹದ ಪಟ್ಟಿಗಳ ತೋಳುಕವಚ ಇದೆ. ಈ ಯುದ್ಧಗಳ ಕಾಲದ ರೋಮನ್ ಶಿರಸ್ತ್ರಾಣಗಳ ನೆತ್ತಿಯ ಮೇಲೆ ಅಡ್ಡಡ್ಡ ಕಬ್ಬಿಣದ ಪಟ್ಟಿಗಳೂ ಕಾಣತೊಡಗುತ್ತವೆ. ಡೇಸಿಯಾದವರು ರೋಮಿನಿಂದ ಕಲಿತ ಹಾಗೆ, ರೋಮನ್ನರೂ ಅವರ ಕತ್ತಿ ನೋಡಿ ತಮ್ಮ ಉಡುಪು ಬದಲಿಸಿದರು.

102ರಲ್ಲಿ ರೋಮನ್ ಪಡೆಗಳು ಬೇರೆ ಬೇರೆ ದಾರಿಯಲ್ಲಿ ಬೆಟ್ಟ ಹತ್ತಿದವು. ಒಂದೊಂದೇ ಶಿಖರ ಡೇಸಿಯಾದವರ ಕೈತಪ್ಪಿತು. ಫಸ್ಕಸ್‌ನಿಂದ ಕಿತ್ತುಕೊಂಡಿದ್ದ ಯಂತ್ರ, ಲಾಂಛನ ಮತ್ತೆ ರೋಮನ್ನರ ಕೈಸೇರಿದವು. ಲಬೇರಿಯಸ್ ಮ್ಯಾಕ್ಸಿಮಸ್ ಒಂದು ಗಟ್ಟಿ ನೆಲೆಯನ್ನೂ ಡೆಸೆಬಾಲಸ್‌ನ ತಂಗಿಯನ್ನೂ ಹಿಡಿದ. ಡೆಸೆಬಾಲಸ್ ಮೊದಮೊದಲು ಸಂಧಾನಕ್ಕೆ ಕಳಿಸುತ್ತಿದ್ದುದು ಉದ್ದ ಕೂದಲಿನ ಸಾಮಾನ್ಯರನ್ನು. ಈಗ ಟೋಪಿ ತೊಡುವ ಗಣ್ಯರನ್ನೇ ಕಳಿಸಿದ. ಅವನು ಬಗ್ಗಿದ್ದಾನೆ ಅಂತ ಟ್ರಾಜನ್‌ಗೆ ಅದರಿಂದಲೇ ತಿಳಿದಿರಬೇಕು. ಷರತ್ತುಗಳಿಗೆಲ್ಲ ಡೆಸೆಬಾಲಸ್ ಒಪ್ಪಿದ.

ಸೇತುವೆ

ಟ್ರಾಜನ್ ಸಂಧಿಯನ್ನು ನಂಬಿ ಕೂರಲಿಲ್ಲ. ದಮಾಸ್ಕಸ್‌ನ ಅಪೊಲೊಡೊರಸ್ ಎಂಬ ಶಿಲ್ಪಿಯಿಂದ ಡ್ರೊಬೆಟಾ ಬಳಿ ಡ್ಯಾನ್ಯೂಬಿಗೆ ಸೇತುವೆ ಕಟ್ಟಿಸಿದ. 105ಕ್ಕೆ ಅದು ಮುಗಿದಿತ್ತು. ಉದ್ದ 1,100 ಮೀಟರಿಗೂ ಹೆಚ್ಚು. ಹರಿಯುವ ನೀರಲ್ಲಿ 20 ಕಲ್ಲಿನ ಕಂಬ, ಮೇಲೆ ಮರದ ಕಮಾನು. ಎರಡೂ ದಡದಲ್ಲಿ ಅದರ ಅವಶೇಷ ಇನ್ನೂ ಇದೆ.

ಅಷ್ಟು ವರ್ಷ ಡ್ಯಾನ್ಯೂಬ್ ಡೆಸೆಬಾಲಸ್‌ಗೆ ಎರಡು ಕೆಲಸ ಮಾಡಿಕೊಡುತ್ತಿತ್ತು. ಬೇಸಿಗೆಯಲ್ಲಿ ಅದು ಕಂದಕ. ಚಳಿಗಾಲದಲ್ಲಿ ಹೆಪ್ಪುಗಟ್ಟಿದರೆ ಅದೇ ದಾರಿ. ಆಚೆ ದಡದಲ್ಲಿ ಉಳಿದ ರೋಮನ್ ಪಡೆಗೆ ಸಹಾಯ ತಲುಪದೆ ಹೋಗಬಹುದು ಅನ್ನೋ ಭಯವೇ ಸೇತುವೆಗೆ ಕಾರಣ ಅಂತ ಡಿಯೊ ಹೇಳುತ್ತಾನೆ. ಸೇತುವೆ ಎದ್ದ ಮೇಲೆ ಋತು ಯಾವುದಾದರೂ ರೋಮಿನ ಸೇನೆ ಬೆಟ್ಟದ ಬುಡಕ್ಕೆ ಬರಬಹುದಿತ್ತು.

ಇತ್ತ ಡೆಸೆಬಾಲಸ್ ಮತ್ತೆ ಆಯುಧ ಕೂಡಿಸುತ್ತಿದ್ದ, ಓಡಿಬಂದವರನ್ನು ಸೇರಿಸಿಕೊಳ್ಳುತ್ತಿದ್ದ, ಕೋಟೆ ರಿಪೇರಿ ಮಾಡಿಸುತ್ತಿದ್ದ, ನೆರೆಯವರಿಗೆ ದೂತರನ್ನು ಕಳಿಸುತ್ತಿದ್ದ. ಇಯಾಜಿಗೀಸ್ ಜನರ ಒಂದಿಷ್ಟು ಜಾಗವನ್ನೂ ಹಿಡಿದುಕೊಂಡ. ಪಟ್ಟಿಯ ಷರತ್ತುಗಳನ್ನೆಲ್ಲ ಒಂದೊಂದಾಗಿ ಮುರಿದ. ಇದನ್ನು ಬರೀ ಹಟ ಅಂತ ಹೇಳಲು ನನಗೆ ಮನಸ್ಸಾಗುವುದಿಲ್ಲ. ಆ ಷರತ್ತುಗಳಂತೆ ನಡೆದುಕೊಂಡರೆ ರಾಜ ಅನ್ನೋ ಹೆಸರು ಬಿಟ್ಟು ಅವನಲ್ಲಿ ಏನೂ ಉಳಿಯುತ್ತಿರಲಿಲ್ಲ. ತಪ್ಪಿದ್ದು ಹೊತ್ತು. 89ರಲ್ಲಿ ರೋಮಿಗೆ ಬೇರೆ ತಲೆನೋವುಗಳಿದ್ದವು, 105ರಲ್ಲಿ ಇರಲಿಲ್ಲ. ಹೊಸ ಸೇತುವೆ ಎದ್ದ ಮೇಲೆ ಇಡೀ ಸಾಮ್ರಾಜ್ಯದ ಗಮನ ಅವನೊಬ್ಬನ ಕಡೆಗೇ ಇತ್ತು. ಸೆನೆಟ್ ಅವನನ್ನು ಶತ್ರು ಅಂತ ಘೋಷಿಸಿತು.

ಲೊಂಗಿನಸ್ ಪ್ರಸಂಗ

ಯುದ್ಧದಲ್ಲಿ ಗೆಲ್ಲುವ ದಾರಿ ಕಾಣದೆ ಡೆಸೆಬಾಲಸ್ ಬೇರೆ ಉಪಾಯ ಹಿಡಿದ. ಸೇನೆ ಬಿಟ್ಟು ಬಂದವರನ್ನು ಕಳಿಸಿ ಟ್ರಾಜನ್‌ನನ್ನು ಕೊಲ್ಲಿಸಲು ನೋಡಿದ, ಅದು ಬಯಲಾಯಿತು. ಆಮೇಲೆ ಲೊಂಗಿನಸ್ ಎಂಬ ಹಿರಿಯ ರೋಮನ್ ಸೇನಾಧಿಕಾರಿಯನ್ನು ಮಾತುಕತೆಗೆ ಕರೆದು ಹಿಡಿದಿಟ್ಟುಕೊಂಡ. ಇವನನ್ನು ಬಿಡಬೇಕಾದರೆ ಡ್ಯಾನ್ಯೂಬಿನವರೆಗಿನ ಜಾಗ ವಾಪಸ್ ಕೊಡಿ, ಯುದ್ಧಕ್ಕೆ ಆದ ಖರ್ಚೂ ಕೊಡಿ ಅಂತ ಟ್ರಾಜನ್‌ಗೆ ಹೇಳಿಕಳಿಸಿದ.

ಟ್ರಾಜನ್ ಕೊಟ್ಟ ಉತ್ತರ ನೋಡಿ. ಲೊಂಗಿನಸ್ ತನಗೆ ತುಂಬಾ ಬೇಕಾದವನು ಅಂತಲೂ ಗೊತ್ತಾಗಬಾರದು, ಬೇಡವಾದವನು ಅಂತಲೂ ಗೊತ್ತಾಗಬಾರದು, ಹಾಗೆ ಬರೆದ. ಬೇಕು ಅಂದರೆ ಬೆಲೆ ಏರುತ್ತದೆ, ಬೇಡ ಅಂದರೆ ತಲೆ ಹೋಗುತ್ತದೆ. ಡೆಸೆಬಾಲಸ್ ಏನು ಮಾಡುವುದು ಅಂತ ಯೋಚಿಸುತ್ತಿದ್ದಾಗಲೇ ಲೊಂಗಿನಸ್ ತನ್ನ ಸೇವಕನ ಮೂಲಕ ವಿಷ ತರಿಸಿಕೊಂಡ. ಟ್ರಾಜನ್‌ನನ್ನು ರಾಜಿಗೆ ಒಪ್ಪಿಸುತ್ತೇನೆ ಅಂತ ನಂಬಿಸಿ, ಪತ್ರದ ಜೊತೆ ಸೇವಕನನ್ನು ಅಲ್ಲಿಂದ ಪಾರು ಮಾಡಿದ. ಅವನು ಕ್ಷೇಮವಾಗಿ ಹೊರಟ ಮೇಲೆ ರಾತ್ರಿ ವಿಷ ಕುಡಿದು ಸತ್ತ. ಡೆಸೆಬಾಲಸ್ ಆ ಸೇವಕನನ್ನು ವಾಪಸ್ ಕೊಟ್ಟರೆ ಹೆಣವನ್ನೂ ಹತ್ತು ಸೆರೆಯಾಳುಗಳನ್ನೂ ಕೊಡುತ್ತೇನೆ ಅಂದ. ಟ್ರಾಜನ್ ಒಪ್ಪಲಿಲ್ಲ. ಬದುಕಿರುವ ಮನುಷ್ಯನ ಜೀವ ದೊಡ್ಡದು ಅಂದುಕೊಂಡ.

ಹೊಂಚು ಹಾಕುವುದರಲ್ಲಿ ಪಳಗಿದ ಡೆಸೆಬಾಲಸ್ ಇಲ್ಲಿ ಮನುಷ್ಯರನ್ನು ಅಳೆಯುವುದರಲ್ಲಿ ಎಡವಿದ. ಆ ಹೊತ್ತಿಗಾಗಲೇ ಅವನ ಕಡೆಯವರೇ ಎಷ್ಟೋ ಜನ ಟ್ರಾಜನ್ ಪಾಳೆಯಕ್ಕೆ ಹೋಗುತ್ತಿದ್ದರು. ಸೇತುವೆಯ ಬಳಿ ಬೇರೆ ಬೇರೆ ಜನಾಂಗಗಳ ದೂತರು ಟ್ರಾಜನ್‌ನನ್ನು ಕಾಣುವ ದೃಶ್ಯ, ಈ ಯುದ್ಧಗಳ ನೆನಪಿಗೆ ರೋಮಿನಲ್ಲಿ ನಿಲ್ಲಿಸಿದ ಟ್ರಾಜನ್ ಸ್ತಂಭದ ಮೇಲಿದೆ. ಜನರನ್ನು ಒಲಿಸಿ ತನ್ನ ಕಡೆ ಎಳೆದುಕೊಳ್ಳುವ ವಿದ್ಯೆ ಈಗ ಎದುರಾಳಿಯ ಕೈಗೆ ಹೋಗಿತ್ತು.

106

ಸರ್ಮಿಜೆಗೆತೂಸಕ್ಕೆ ಮುತ್ತಿಗೆ ಬಿತ್ತು. ಸ್ತಂಭದ ಒಂದು ದೃಶ್ಯದಲ್ಲಿ ಡೇಸಿಯಾದ ಗಣ್ಯರು ದೊಡ್ಡ ಪಾತ್ರೆಯ ಸುತ್ತ ನಿಂತು ಬಟ್ಟಲು ಹಿಡಿದಿದ್ದಾರೆ. ಕೆಲವರು ನೆಲಕ್ಕೆ ಒರಗಿದ್ದಾರೆ. ಅದು ವಿಷ ಅಂತ ಕೆಲವು ವಿದ್ವಾಂಸರು, ಉಳಿದಿದ್ದ ಕೊನೆಯ ನೀರು ಹಂಚಿಕೊಳ್ಳುತ್ತಿದ್ದಾರೆ ಅಂತ ಇನ್ನು ಕೆಲವರು. ಡೆಸೆಬಾಲಸ್ ತಪ್ಪಿಸಿಕೊಂಡು ಬೆಟ್ಟದ ಕಡೆ ಓಡಿದ. ರೋಮನ್ ಸವಾರರು ಬೆನ್ನಟ್ಟಿದರು. ಇನ್ನೇನು ಸಿಕ್ಕಿಬಿದ್ದ ಅನ್ನುವಾಗ ಅವನು ಮರದ ಬುಡದಲ್ಲಿ ಕುಸಿದು ಕುತ್ತಿಗೆ ಕೊಯ್ದುಕೊಳ್ಳುವುದನ್ನು ಸ್ತಂಭದಲ್ಲಿ ಕೆತ್ತಿದ್ದಾರೆ.

ಆ ಸವಾರರ ಮುಂದಾಳಿನ ಹೆಸರೂ ನಮಗೆ ಗೊತ್ತು. 1965ರಲ್ಲಿ ಗ್ರೀಸ್‌ನ ಫಿಲಿಪ್ಪಿ ಹತ್ತಿರ ಟಿಬೇರಿಯಸ್ ಕ್ಲಾಡಿಯಸ್ ಮ್ಯಾಕ್ಸಿಮಸ್ ಎಂಬವನ ಸಮಾಧಿಕಲ್ಲು ಸಿಕ್ಕಿತು. ಬದುಕಿದ್ದಾಗಲೇ ಅವನು ಅದನ್ನು ಮಾಡಿಸಿದ್ದ. ಡೆಸೆಬಾಲಸ್‌ನನ್ನು ಹಿಡಿದಿದ್ದು ನಾನು, ಅವನ ತಲೆಯನ್ನು ರನಿಸ್ತೋರಮ್‌ನಲ್ಲಿ ಟ್ರಾಜನ್‌ಗೆ ತಲುಪಿಸಿದ್ದೂ ನಾನು ಅಂತ ಅದರಲ್ಲಿದೆ. ಆ ತಲೆಯನ್ನು ರೋಮಿಗೆ ಒಯ್ದರು. ಅಪರಾಧಿಗಳ ಹೆಣ ಎಸೆಯುವ ಜೆಮೋನಿಯನ್ ಮೆಟ್ಟಿಲುಗಳ ಮೇಲೆ ಅದನ್ನೂ ಎಸೆದರು.

ಸಾಯುವ ಮೊದಲು ಡೆಸೆಬಾಲಸ್ ಖಜಾನೆ ಬಚ್ಚಿಟ್ಟಿದ್ದ. ಅರಮನೆ ಪಕ್ಕದ ಸರ್ಗೆಷಿಯಾ ನದಿಯನ್ನು ಸೆರೆಯಾಳುಗಳಿಂದ ಬೇರೆ ಕಡೆ ತಿರುಗಿಸಿ, ತಳದಲ್ಲಿ ಗುಂಡಿ ತೋಡಿ, ಬೆಳ್ಳಿ ಬಂಗಾರ ತುಂಬಿ, ಮೇಲೆ ಕಲ್ಲು ಮಣ್ಣು ಹಾಕಿಸಿ ನೀರು ಬಿಡಿಸಿದ್ದ. ಗುಟ್ಟು ಹೊರಬೀಳದಿರಲಿ ಅಂತ ಆ ಸೆರೆಯಾಳುಗಳನ್ನೆಲ್ಲ ಕೊಲ್ಲಿಸಿದ. ಅವನ ಆಪ್ತ ಬಿಸಿಲಿಸ್‌ಗೆ ಎಲ್ಲ ಗೊತ್ತಿತ್ತು. ಸೆರೆಸಿಕ್ಕ ಮೇಲೆ ಅವನು ಬಾಯಿಬಿಟ್ಟ. ಡೆಸೆಬಾಲಸ್ ಪರ ಮನಸ್ಸು ಮಿಡಿಯುವಾಗ ಆ ಹೆಸರಿಲ್ಲದ ಸೆರೆಯಾಳುಗಳನ್ನು ಮರೆಯಬಾರದು.

ಆಮೇಲೆ

ಸಿಕ್ಕ ಚಿನ್ನದ ಬಗ್ಗೆ 6ನೆಯ ಶತಮಾನದ ಲೇಖಕನೊಬ್ಬ ಕೊಡುವ ಅಂಕಿ ನಂಬುವಂಥದ್ದಲ್ಲ. ಅದನ್ನು ಹತ್ತನೆಯ ಒಂದು ಭಾಗಕ್ಕೆ ಇಳಿಸಿ ಹಾಕಿದ ಲೆಕ್ಕದಲ್ಲೂ ಸುಮಾರು 165 ಟನ್ ಚಿನ್ನ ಆಗುತ್ತದೆ. ಅದೂ ಜಾಸ್ತಿಯೇ ಅನ್ನುವವರಿದ್ದಾರೆ. ರೋಮಿನಲ್ಲಿ 123 ದಿನ ಉತ್ಸವ ನಡೆಯಿತು, 11,000 ಪ್ರಾಣಿಗಳನ್ನು ಕೊಂದರು, 10,000 ಖಡ್ಗಮಲ್ಲರು ಅಖಾಡಕ್ಕಿಳಿದರು ಅಂತ ಡಿಯೊ ಬರೆಯುತ್ತಾನೆ. ಆಗ ಟ್ರಾಜನ್‌ನನ್ನು ಕಾಣಲು ಬಂದ ರಾಯಭಾರಿಗಳಲ್ಲಿ ಭಾರತದವರೂ ಇದ್ದರು ಅನ್ನೋದನ್ನು ಅವನೇ ದಾಖಲಿಸಿದ್ದಾನೆ. 113ರಲ್ಲಿ ಸುಮಾರು 30 ಮೀಟರಿನ ಆ ಸ್ತಂಭ ನಿಂತಿತು. ಅದರ ಸುತ್ತ ಸುರುಳಿಯಾಗಿ ಏರುವ ಕೆತ್ತನೆಯಲ್ಲಿ 2,600ಕ್ಕೂ ಹೆಚ್ಚು ಆಕೃತಿಗಳಿವೆ.

ಡೇಸಿಯಾ ರೋಮಿನ ಪ್ರಾಂತ್ಯವಾಯಿತು. ಹೊಸ ರಾಜಧಾನಿಯನ್ನು ಬೆಟ್ಟದ ಮೇಲೆ ಕಟ್ಟಲಿಲ್ಲ, ಸುಮಾರು 40 ಕಿ.ಮೀ. ದೂರದ ಬಯಲಿನಲ್ಲಿ ಕಟ್ಟಿದರು. ಆದರೂ ಹಳೆಯ ಭಯ ಪೂರ್ತಿ ಹೋಗಲಿಲ್ಲ. ಟ್ರಾಜನ್ ನಂತರ ಬಂದ ಹೇಡ್ರಿಯನ್, ಕಾವಲುಗಾರರನ್ನು ಸೋಲಿಸಿದರೆ ಶತ್ರುಗಳೂ ಇದೇ ದಾರಿಯಲ್ಲಿ ಮೋಸಿಯಾಕ್ಕೆ ಬರಬಹುದು ಅಂತ ಸೇತುವೆಯ ಮೇಲ್ಭಾಗವನ್ನು ತೆಗೆಸಿಬಿಟ್ಟ. 270ರ ದಶಕದಲ್ಲಿ ಆರೆಲಿಯನ್ ಚಕ್ರವರ್ತಿ ಸೈನ್ಯವನ್ನೂ ಆಡಳಿತವನ್ನೂ ಡ್ಯಾನ್ಯೂಬಿನ ದಕ್ಷಿಣಕ್ಕೆ ಕರೆಸಿಕೊಂಡು, ಗಡಿಯನ್ನು ಮತ್ತೆ ನದಿಗೇ ತಂದ.